ಹಿಂಭಾಗ ಕುಸಿದ ಪಿಕಪ್‌ಗೆ ಮದ್ದೇನು?

ಪಿಕಪ್ ವಾಹನದ ಹಿಂದಿನ ಲೋಡು ಕೂರುವುದು ಲೀಫ್ ಸ್ಪ್ರಿಂಗ್ ಮೇಲೆ, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟಿನ ಮೇಲೆ. ಸೆಂಟರ್ ಬೋಲ್ಟ್ ಪಟ್ಟಿಗಳನ್ನು ಪೋಣಿಸಿ ಹಿಡಿದರೆ, ಯು-ಬೋಲ್ಟ್‌ಗಳು ಇಡೀ ಕಟ್ಟನ್ನು ಆಕ್ಸಲ್‌ಗೆ ಬಿಗಿಯುತ್ತವೆ. ಲೋಡು ಹೇರಿದಾಗ ಕಮಾನು ಚಪ್ಪಟೆಯಾಗಿ, ಇಳಿಸಿದಾಗ ಮತ್ತೆ ಮೇಲೇಳುವುದು ಸಹಜ. ಖಾಲಿ ಗಾಡಿಯೂ ಹಿಂದಕ್ಕೆ ಕುಸಿದು ನಿಂತರೆ ಅದು ತೊಂದರೆಯ ಸೂಚನೆ. ಎತ್ತರದ ಕಬ್ಬಿಣದ ಫ್ರೇಮ್, ನೀರಿನ ಟ್ಯಾಂಕ್, ಸಂಚಾರಿ ಕ್ಯಾಂಟೀನಿನ ಬಾಡಿ ಹೀಗೆ ಸದಾ ಭಾರ ಹೊತ್ತಿರುವ ಗಾಡಿಗಳಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ.

ಹಿಂಭಾಗ ಕುಸಿದಷ್ಟೂ ಮೂತಿ ಮೇಲೇಳುತ್ತದೆ. ಹೆಡ್‌ಲೈಟ್ ಬೆಳಕು ಎದುರು ಬರುವವರ ಕಣ್ಣಿಗೆ ರಾಚುತ್ತದೆ. ಮುಂದಿನ ಚಕ್ರಗಳ ಮೇಲಿನ ಭಾರ ಇಳಿದಿದ್ದರೆ ಸ್ಟೀರಿಂಗ್ ಹಗುರವಾಗಿ, ತಿರುವಿನಲ್ಲೂ ಬ್ರೇಕ್ ಒತ್ತಿದಾಗಲೂ ಹಿಡಿತ ತಪ್ಪುತ್ತದೆ. ಹಳ್ಳಕೊಳ್ಳದಲ್ಲಿ ಆಕ್ಸಲ್ ನೇರ ಚಾಸಿಯ ತಡೆರಬ್ಬರಿಗೆ ಬಡಿಯುತ್ತದೆ.

ರಿಪೇರಿಗೆ ಮೊದಲು ಕಾರಣ ಹುಡುಕಬೇಕು. ಟೈರಿಗೆ ಸರಿಯಾಗಿ ಗಾಳಿ ತುಂಬಿ, ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರದ ನಡುಬಿಂದುವಿನಿಂದ ಮೇಲಿನ ಬಾಡಿಯ ಅಂಚಿನವರೆಗೆ ಎರಡೂ ಬದಿ ಅಳೆಯಬೇಕು. ಒಂದೇ ಬದಿ ತಗ್ಗಿದ್ದರೆ ಆ ಬದಿಯ ಪಟ್ಟಿ ಮುರಿದಿರುವ ಸಾಧ್ಯತೆ ಹೆಚ್ಚು. ಬಿರುಕು ಸಾಮಾನ್ಯವಾಗಿ ಸೆಂಟರ್ ಬೋಲ್ಟಿನ ತೂತಿನ ಬಳಿ ಹುಟ್ಟುತ್ತದೆ. ಮಣ್ಣು, ಗ್ರೀಸ್ ಒರೆಸಿ ನೋಡದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಸ್ಪ್ರಿಂಗ್ ತುದಿಯ ರಬ್ಬರ್ ಬುಷ್, ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಸವೆದಿವೆಯೇ ಎಂದೂ ನೋಡಬೇಕು.

ಆಮೇಲೆ ವೇ ಬ್ರಿಡ್ಜ್‌ನಲ್ಲಿ ತೂಕ ಮಾಡಿಸಿ ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಗೆ ಹೋಲಿಸಬೇಕು. ಭಾರ ಕೂರುವ ಜಾಗವೂ ಮುಖ್ಯ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 3 ಮೀಟರ್ ಅಂತರವಿರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್‌ನಿಂದ 60 ಸೆಂ.ಮೀ. ಹಿಂದಕ್ಕೆ 300 ಕೆ.ಜಿ. ಇಟ್ಟರೆ ಹಿಂದಿನ ಆಕ್ಸಲ್ ಮೇಲೆ 360 ಕೆ.ಜಿ. ಬೀಳುತ್ತದೆ, ಮುಂದಿನದರಿಂದ 60 ಕೆ.ಜಿ. ಇಳಿಯುತ್ತದೆ. ಟ್ಯಾಂಕನ್ನೋ ಒಲೆಯನ್ನೋ ಕ್ಯಾಬಿನ್ ಕಡೆಗೆ ಸರಿಸುವುದೇ ಅಗ್ಗದ, ಉತ್ತಮ ರಿಪೇರಿ.

ಪಟ್ಟಿಗಳು ಗಟ್ಟಿಯಾಗಿದ್ದು ಬಾಗು ಮಾತ್ರ ಕಳೆದುಕೊಂಡಿದ್ದರೆ ಮತ್ತೆ ಕಮಾನು ಕೊಡಿಸಬಹುದು. ಆದರೆ ತಣ್ಣಗೆ ಬಡಿದು ಬಾಗಿಸಿದ ಪಟ್ಟಿ ಕ್ರಮೇಣ ಮತ್ತೆ ಕುಸಿಯುತ್ತದೆ. ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿದ ಉಕ್ಕು ಹದವನ್ನೇ ಕಳೆದುಕೊಳ್ಳುತ್ತದೆ. ಹಳೆಯ ಕಟ್ಟಿಗಿಂತ ಹೊಸದು, ಅದೂ ಎರಡೂ ಬದಿಗೆ ಒಟ್ಟಿಗೆ, ಬಾಳಿಕೆ ಬರುತ್ತದೆ. ಸದಾ ಭಾರ ಹೊರುವ ಗಾಡಿಗೆ ಒಂದು ಪಟ್ಟಿ ಹೆಚ್ಚಿಸುವುದುಂಟು. ಪಟ್ಟಿಯ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ: ಉದ್ದ, ಅಗಲ ಅಷ್ಟೇ ಇದ್ದು ದಪ್ಪ 8 ಮಿ.ಮೀ. ಬದಲು 10 ಮಿ.ಮೀ. ಆದರೆ ಬಿಗಿತ ಹೆಚ್ಚುಕಡಿಮೆ ದುಪ್ಪಟ್ಟು. ಹಾಗಾಗಿ ಅಂದಾಜಿನಲ್ಲಿ ದಪ್ಪ ಪಟ್ಟಿ ಸೇರಿಸಿದರೆ ಖಾಲಿ ಗಾಡಿ ಕುಪ್ಪಳಿಸುತ್ತದೆ.

ಭಾರ ಏರಿಳಿಯುವ ಗಾಡಿಗೆ ಲೋಡು ಬಿದ್ದಾಗ ಮಾತ್ರ ಕೆಲಸಕ್ಕೆ ಬರುವ ಹೆಲ್ಪರ್ ಸ್ಪ್ರಿಂಗ್ ವಾಸಿ. ಆಕ್ಸಲ್ ಮತ್ತು ಚಾಸಿಯ ನಡುವೆ ಕೂರುವ ಏರ್ ಬ್ಯಾಗಿನಲ್ಲಿ ಲೋಡಿಗೆ ತಕ್ಕಂತೆ ಗಾಳಿ ಹೊಂದಿಸಬಹುದು. ಸೋರಿಕೆಯ ಮೇಲೆ ಕಣ್ಣಿಡಬೇಕು. ಉದ್ದ ಶ್ಯಾಕಲ್ ಅಥವಾ ಸ್ಪ್ರಿಂಗ್-ಆಕ್ಸಲ್ ನಡುವೆ ಇಡುವ ಬ್ಲಾಕ್ ಎತ್ತರ ಹೆಚ್ಚಿಸಬಹುದೇ ಹೊರತು ಬಲ ಕೊಡುವುದಿಲ್ಲ. ಸಾಮಾನ್ಯ ಶಾಕ್ ಅಬ್ಸಾರ್ಬರ್ ಕುಲುಕಾಟ ತಡೆಯುತ್ತದೆ, ಭಾರ ಹೊರುವುದಿಲ್ಲ.

ಯಾವ ಸ್ಪ್ರಿಂಗ್ ಹಾಕಿದರೂ ಆಕ್ಸಲ್, ಬ್ರೇಕ್, ಟೈರ್, ಚಾಸಿಯ ಶಕ್ತಿ ಹೆಚ್ಚುವುದಿಲ್ಲ. ಆರ್‌ಸಿಯ ಮಿತಿಯೂ ಬದಲಾಗುವುದಿಲ್ಲ. 2019ರ ತಿದ್ದುಪಡಿಯ ಪ್ರಕಾರ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಡಿ ಅಧಿಕ ಭಾರಕ್ಕೆ 20,000 ರೂ. ದಂಡ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂ.

ಕೆಲಸ ಮುಗಿದ ಮೇಲೆ ಹೆಡ್‌ಲೈಟ್ ಕೋನ ಸರಿಪಡಿಸಬೇಕು. ಹೊಸ ಯು-ಬೋಲ್ಟ್‌ಗಳನ್ನೇ ಬಳಸಿ, ಕೆಲವು ನೂರು ಕಿ.ಮೀ. ಓಡಿದ ಬಳಿಕ ಮತ್ತೆ ಬಿಗಿಸಬೇಕು. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿನ ಒತ್ತಡ ನಿಯಂತ್ರಿಸುವ ವಾಲ್ವ್ ಆಕ್ಸಲ್‌ಗೆ ಸರಳಿನಿಂದ ಜೋಡಿಸಿಕೊಂಡಿದ್ದು, ಎತ್ತರ ನೋಡಿಯೇ ಲೋಡು ಅಳೆಯುತ್ತದೆ. ಗಾಡಿ ಎತ್ತರವಾದರೆ ಅದು ಖಾಲಿಯೆಂದು ತಿಳಿದು ಬ್ರೇಕನ್ನು ತಗ್ಗಿಸುತ್ತದೆ. ಆ ವಾಲ್ವನ್ನು ಮರುಹೊಂದಿಸಿದ ಮೇಲೆಯೇ ಗಾಡಿಗೆ ಲೋಡು ಹೇರಬೇಕು.