ಕುಂದಾಪುರದ ಕರಾವಳಿಯಲ್ಲಿ ಸಂಸಾರಗಳ ಸಣ್ಣ ಸಂಚಾರ

ಕುಂದಾಪುರದ ಹೊಳೆಯ ದಂಡೆಯಲ್ಲಿ ನಿಂತವರಿಗೆ ಆಚೆಯ ಗಂಗೊಳ್ಳಿಯ ತೆಂಗಿನ ಸಾಲು ಕೈಗೆಟಕುವಷ್ಟು ಹತ್ತಿರವೆಂದು ತೋರುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡಿ ಕಡಲನ್ನು ಸೇರುವ ಈ ಅಳಿವೆಗೆ ಪಂಚಗಂಗಾವಳಿಯೆಂದು ಹೆಸರು. ನೆಲದ ಮೇಲೆ ಗಂಗೊಳ್ಳಿಯನ್ನು ಮುಟ್ಟಬೇಕಾದರೆ ಹೆಮ್ಮಾಡಿ, ತ್ರಾಸಿಗಳನ್ನು ಸುತ್ತಿ ಬರಬೇಕು. ಕಡವಿನ ದೋಣಿಯವನು ಸಿಕ್ಕಿದರೆ ಅಷ್ಟು ಸುತ್ತು ಇಲ್ಲ. ಸೇತುವೆಗಳಾಗುವ ಮೊದಲು ಈ ಕರಾವಳಿಯಲ್ಲಿ ಹತ್ತಿರ ದೂರಗಳನ್ನು ನಿರ್ಣಯಿಸುತ್ತಿದ್ದುದು ಮೈಲಿಗಲ್ಲಲ್ಲ, ನೀರು. ಯಾವ ಮನೆಯ ಹೆಣ್ಣನ್ನು ಯಾವ ಊರಿಗೆ ಕೊಡುವುದು, ಅವಳು ವರ್ಷಕ್ಕೆ ಎಷ್ಟು ಸಲ ತವರಿಗೆ ಬರಬಲ್ಲಳು ಎಂಬುದೂ ಆ ನೀರನ್ನು ನೋಡಿಯೇ ತೀರ್ಮಾನವಾಗುತ್ತಿದ್ದಿತು.

ಈ ತೀರದ ರಾಜಕೀಯ ಚರಿತ್ರೆ ನಮಗೆ ಸಾಕಷ್ಟು ತಿಳಿದಿದೆ. ಪೋರ್ತುಗೀಜರ ಕೋಟೆ, ಕೆಳದಿಯ ನಾಯಕರು, 1763ರಲ್ಲಿ ಬಿದನೂರನ್ನು ಗೆದ್ದ ಹೈದರ ಅಲಿ, 1799ರ ಬಳಿಕ ಕಂಪೆನಿಯ ಆಳಿಕೆ, ಇವೆಲ್ಲ ಪಠ್ಯಪುಸ್ತಕಗಳಲ್ಲಿವೆ. 1801ರಲ್ಲಿ ಈ ದಾರಿಯಾಗಿ ಉತ್ತರಕ್ಕೆ ಪಯಣಿಸಿದ ಫ್ರಾನ್ಸಿಸ್ ಬುಕಾನನ್ ಭೂಮಿ, ಬೆಳೆ, ಕಂದಾಯಗಳ ವಿಷಯವಾಗಿ ಧಾರಾಳವಾಗಿ ಬರೆದಿದ್ದಾನೆ. ಆದರೆ ಒಂದು ಸಾಮಾನ್ಯ ಸಂಸಾರವು ವರ್ಷದ ಯಾವ ದಿನಗಳಲ್ಲಿ ಬಾಗಿಲಿಗೆ ಚಿಲಕವಿಟ್ಟು ಹೊರಡುತ್ತಿದ್ದಿತು, ಏತಕ್ಕಾಗಿ ಹೊರಡುತ್ತಿದ್ದಿತು, ಯಾರನ್ನು ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಿತು ಎಂಬ ಪ್ರಶ್ನೆಗಳು ಅಲ್ಲಿ ಏಳುವುದಿಲ್ಲ. ಇವು ಕ್ಷುಲ್ಲಕ ಪ್ರಶ್ನೆಗಳೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಒಂದು ಸಮಾಜದಲ್ಲಿ ಬಿಡುವು ಯಾರಿಗೆ, ಯಾವಾಗ ದೊರೆಯುತ್ತಿದ್ದಿತೆಂಬುದನ್ನು ಅರಿಯಲು ಇವುಗಳಿಗಿಂತ ನೇರವಾದ ದಾರಿ ಇಲ್ಲ.

ಮೊದಲು ಗಮನಿಸತಕ್ಕ ಸಂಗತಿಯೆಂದರೆ, ಬರಿಯ ವಿಹಾರಕ್ಕೆಂದು ಸಂಸಾರಸಮೇತ ಹೊರಡುವ ವಾಡಿಕೆ ಇಲ್ಲಿ ಇರಲಿಲ್ಲ. ಹೊರಡಲು ಒಂದು ನೆಪ ಬೇಕು. ಆ ನೆಪವನ್ನು ಒದಗಿಸುತ್ತಿದ್ದುದು ಪಂಚಾಂಗ. ಆದರೆ ಪಂಚಾಂಗದ ದಿನಗಳು ಗದ್ದೆ ಮತ್ತು ಕಡಲುಗಳ ಕೆಲಸಕ್ಕೆ ವಿಸ್ಮಯಕರವಾಗಿ ಹೊಂದಿಕೊಂಡಿವೆ.

ಕೋಟೇಶ್ವರದ ಕೊಡಿ ಹಬ್ಬವನ್ನೇ ತೆಗೆದುಕೊಳ್ಳೋಣ. ಕೋಟಿಲಿಂಗೇಶ್ವರನ ರಥೋತ್ಸವವು ವೃಶ್ಚಿಕ ಮಾಸದ ಹುಣ್ಣಿಮೆಗೆ ಬರುತ್ತದೆ. ಅಷ್ಟರಲ್ಲಿ ಮಳೆಗಾಲದ ಮೊದಲ ಬೆಳೆಯ ಕೊಯ್ಲು ಮುಗಿದು ಮನೆಯಲ್ಲಿ ಹೊಸ ಅಕ್ಕಿ ಇರುತ್ತದೆ, ಹೊಳೆಗಳು ಇಳಿದಿರುತ್ತವೆ, ಕಾಲುದಾರಿ ಒಣಗಿರುತ್ತದೆ. ದೇವಸ್ಥಾನದ ವಿಶಾಲವಾದ ಕೋಟಿತೀರ್ಥದ ಸುತ್ತ ಅಕ್ಕಿ ಚೆಲ್ಲುತ್ತ ನಡೆಯುವ ಸುತ್ತಕ್ಕಿ ಸೇವೆ ಹೊಸ ಅಕ್ಕಿಯಿರುವ ಕಾಲದಲ್ಲಿ ಮಾತ್ರ ಅಷ್ಟು ಧಾರಾಳವಾಗಿ ನಡೆಯಬಲ್ಲದು. ಹೊಸದಾಗಿ ಮದುವೆಯಾದ ಗಂಡಹೆಂಡಿರು ಹಬ್ಬಕ್ಕೆ ಬಂದು ಕಬ್ಬಿನ ಕೊಡಿಯನ್ನು ಕೊಂಡೊಯ್ಯುವುದು ಇಂದಿಗೂ ನಡೆದಿರುವ ಪದ್ಧತಿ. ಹಿರಿಯರು ತುಂಬಿದ ಮನೆಯಿಂದ ಎಳೆಯ ದಂಪತಿಗಳು ಎಲ್ಲರ ಒಪ್ಪಿಗೆಯಿಂದಲೇ ಜೊತೆಯಾಗಿ ಹೊರಬೀಳಲು ಅದೊಂದು ಅವಕಾಶವಾಗಿದ್ದಿತೆಂಬುದನ್ನು ಮರೆಯಬಾರದು.

ಮರವಂತೆಯ ಜಾತ್ರೆ ಇದಕ್ಕೆ ತದ್ವಿರುದ್ಧವಾದ ಋತುವಿನಲ್ಲಿ, ಕರ್ಕಾಟಕ ಮಾಸದ ಅಮಾವಾಸ್ಯೆಯಂದು, ಸುರಿಯುವ ಮಳೆಯಲ್ಲಿ ನಡೆಯುತ್ತದೆ. ಅಲ್ಲಿನ ವರಾಹಸ್ವಾಮಿಯ ಗುಡಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ. ಜನ ಎರಡರಲ್ಲಿಯೂ ಮೀಯುತ್ತಾರೆ. ಇಂಥ ಮಳೆಯಲ್ಲಿ ಜಾತ್ರೆಯೇಕೆ? ನನ್ನ ಊಹೆ ಇದು: ಆ ಹೊತ್ತಿಗೆ ಗದ್ದೆಯ ನಾಟಿ ಮುಗಿಯುತ್ತದೆ, ಕಡಲಿಗೆ ದೋಣಿ ಇಳಿಯುವಂತಿಲ್ಲ. ಒಕ್ಕಲಿಗೂ ಮೀನುಗಾರನಿಗೂ ಏಕಕಾಲಕ್ಕೆ ಕೈ ಬಿಡುವಾಗಿರುವ ದಿನಗಳು ವರ್ಷದಲ್ಲಿ ಬಹಳವಿಲ್ಲ. ಆಷಾಢಕ್ಕೆಂದು ತವರಿಗೆ ಹೋದ ಹೊಸ ಸೊಸೆ ಗಂಡನೊಡನೆ ಸೇರಿ ದೇವರ ದರ್ಶನ ಮಾಡುವುದೂ ಇಲ್ಲಿಯೇ.

ಇವು ಮನೆ ಬಿಟ್ಟು ಹೋಗುವ ಸಂದರ್ಭಗಳಾದುವು. ಕೇರಿಗೆ ಕೇರಿಯೇ ನಿಂತ ಕಾಲಲ್ಲಿ ಓಡಿಬರುತ್ತಿದ್ದ ಸಂದರ್ಭವೊಂದುಂಟು, ಅದು ರಂಪಣಿ. ಮಳೆ ಕಳೆದು ಬಂಗುಡೆ, ಬೂತಾಯಿಗಳ ಹಿಂಡು ದಡಕ್ಕೆ ಬಂದಾಗ ದೋಣಿಯಿಂದ ಬಹು ಉದ್ದದ ಬಲೆಯನ್ನು ಅರ್ಧವೃತ್ತಾಕಾರವಾಗಿ ಬಿಟ್ಟು, ಎರಡು ತುದಿಗಳನ್ನೂ ಎರಡು ಗುಂಪಿನವರು ದಡದಿಂದಲೇ ಎಳೆಯುತ್ತಿದ್ದರು. ಬಲೆ ಒಬ್ಬನ ಸ್ವತ್ತಲ್ಲ, ಪಾಲುದಾರರ ಕೂಟದ್ದು. ಆದರೆ ಹಗ್ಗಕ್ಕೆ ಕೈಹಚ್ಚಿದವರು ಪಾಲುದಾರರಲ್ಲದಿದ್ದರೂ, ಹುಡುಗರಾಗಿದ್ದರೂ, ಒಂದಷ್ಟು ಮೀನಿಲ್ಲದೆ ಮನೆಗೆ ಮರಳುತ್ತಿರಲಿಲ್ಲ. ಹೆಂಗಸರು ಬುಟ್ಟಿ ಹೊತ್ತು ಒಳನಾಡಿನ ಹಳ್ಳಿಗಳಿಗೆ ನಡೆದು, ಮೀನಿಗೆ ಪ್ರತಿಯಾಗಿ ಅಕ್ಕಿಯನ್ನೂ ತರುತ್ತಿದ್ದರು, ಹತ್ತು ಮನೆಗಳ ಸುದ್ದಿಯನ್ನೂ ತರುತ್ತಿದ್ದರು. 1970ರ ದಶಕದ ಮಧ್ಯಭಾಗದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದಿತು. ದಡಕ್ಕೆ ಬರಬೇಕಾದ ಹಿಂಡನ್ನು ಅದು ದೂರದಲ್ಲಿಯೇ ಬಳಸಿಕೊಂಡಿತು. ರಂಪಣಿ ಕ್ಷೀಣಿಸಿದುದನ್ನು ನಾವು ಮೀನುಗಾರಿಕೆಯ ಆರ್ಥಿಕ ಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ. ಮೀನು ಹಿಡಿಯುವುದು ಬಂದರಿಗೆ ಸ್ಥಳಾಂತರವಾದಾಗ ಕೇರಿಯ ಮುದುಕರಿಗೂ ಮಕ್ಕಳಿಗೂ ಅದರಲ್ಲಿದ್ದ ಸ್ಥಾನ ಹೋಯಿತೆಂಬುದು ಆ ಸಾಲಿನಲ್ಲಿ ಬರುವುದಿಲ್ಲ.

ಬಯಲಾಟದ ವಿಷಯದಲ್ಲಿಯೂ ಒಂದು ಮಾತು. ಹರಕೆ ಹೊತ್ತ ಮನೆಯವರು ಮಂದಾರ್ತಿಯಂಥ ಕ್ಷೇತ್ರದ ಮೇಳವನ್ನು ಕರೆಸಿ ಆಟವಾಡಿಸಿದರೆ, ಖರ್ಚು ಒಂದು ಮನೆಯದು, ನೋಟ ಇಡೀ ಊರಿನದು. ಆಟ ಬೆಳಗಿನವರೆಗೆ ನಡೆಯುತ್ತಿದ್ದುದಕ್ಕೆ ಕಲೆಯ ಕಾರಣಗಳಿರಬಹುದು. ಜೊತೆಗೆ, ಸೂಡಿ ಹಿಡಿದು ಸಂಜೆ ನಡೆದು ಬಂದ ಸಂಸಾರ ನಡುರಾತ್ರಿಯಲ್ಲಿ ಹೊಳೆ ದಾಟಿ ಹಿಂದಿರುಗುವುದು ಸಾಧ್ಯವಿರಲಿಲ್ಲವೆಂಬ ಸರಳ ಕಾರಣವೂ ಇದ್ದಿತೆಂದು ನಾನು ಭಾವಿಸುತ್ತೇನೆ. ವಾಹನಗಳು ಮನೆಬಾಗಿಲಿಗೆ ಬಂದ ಮೇಲೆ ಕಾಲಮಿತಿಯ ಆಟಗಳು ಹೆಚ್ಚಿದುದು ಆಕಸ್ಮಿಕವಲ್ಲ.

ಈ ಚಿತ್ರದಲ್ಲಿ ಕಾಣದವರೂ ಇದ್ದಾರೆ. ಜಾತ್ರೆಗೆ ಎಲ್ಲರೂ ಬರುತ್ತಿದ್ದರು ಎನ್ನುವುದು ಸುಲಭ. ಎಲ್ಲಿಯವರೆಗೆ ಬರುತ್ತಿದ್ದರೆಂದು ಕೇಳಬೇಕು. ಈ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. 1947ರ ದೇವಾಲಯ ಪ್ರವೇಶ ಶಾಸನದವರೆಗೆ ಅಸ್ಪೃಶ್ಯರೆನಿಸಿದ ಸಂಸಾರಗಳ ಯಾತ್ರೆ ತೇರುಬೀದಿಯ ಅಂಚಿನಲ್ಲಿಯೇ ಕೊನೆಗೊಳ್ಳುತ್ತಿದ್ದಿತು. ಶಾಸನವಾದ ಮರುದಿನವೇ ಅದು ಬದಲಾಯಿತೆಂದು ತಿಳಿಯುವುದೂ ತಪ್ಪು.

ಆಕರಗಳ ಪ್ರಶ್ನೆ ಇಲ್ಲಿ ಕಠಿಣವಾಗುತ್ತದೆ. ಭೂಮಾಲೀಕರ ಮನೆಗಳಲ್ಲಿ ಗೇಣಿಯ ಲೆಕ್ಕದ ಪುಸ್ತಕಗಳಿರುತ್ತಿದ್ದವು. ಮನೆಯ ಖರ್ಚೂ ಅದರಲ್ಲಿಯೇ ಸೇರುತ್ತಿದ್ದುದರಿಂದ ದೋಣಿಯ ಬಾಡಿಗೆ, ತೇರಿನ ದಿನದ ಬಳೆ, ಬೆಲ್ಲಗಳ ಲೆಕ್ಕವನ್ನು ಅಂಥಲ್ಲಿ ಹುಡುಕಬಹುದು. 1974ರ ಭೂಸುಧಾರಣೆಯ ಬಳಿಕ ಗೇಣಿ ನಿಂತಿತು. ಉಪಯೋಗ ತೀರಿದ ಪುಸ್ತಕಗಳು ಗೆದ್ದಲಿಗೂ ರದ್ದಿಯವನಿಗೂ ಹೋಗತೊಡಗಿದವು. ಉಳಿದುವನ್ನು ಸಂಗ್ರಹಿಸಿದರೂ ನಮಗೆ ಸಿಕ್ಕುವುದು ಲೆಕ್ಕ ಬರೆದವರ ಸಂಚಾರ ಮಾತ್ರ. ಗೇಣಿ ಕೊಟ್ಟವರು, ಮೊಗವೀರರು, ಖಾರ್ವಿಗಳು ಲೆಕ್ಕ ಬರೆದಿಟ್ಟವರಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಂಥ ಕಾದಂಬರಿ ಇದೇ ತೀರದ ಮೂರು ತಲೆಮಾರುಗಳ ಬಾಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆಯಾದರೂ ಅದು ಮುಖ್ಯವಾಗಿ ಒಂದು ಬ್ರಾಹ್ಮಣ ಮನೆತನದ ಅಂಗಳದಿಂದ ಕಂಡ ಕಡಲು.

ಆದುದರಿಂದ ಉಳಿದ ದಾರಿ ಕೇಳಿ ಬರೆದುಕೊಳ್ಳುವುದು. ರಂಪಣಿಯ ಹಗ್ಗವನ್ನು ಯೌವನದಲ್ಲಿ ಎಳೆದವರಿಗೆ ಈಗ ಎಪ್ಪತ್ತು ದಾಟಿದೆ. ಅವರಲ್ಲಿಗೆ ಹೋಗುವ ವಿದ್ಯಾರ್ಥಿಯು ‘ಆಗಿನ ಕಾಲ ಹೇಗಿದ್ದಿತು’ ಎಂದು ಕೇಳಿದರೆ ‘ಚೆನ್ನಾಗಿದ್ದಿತು’ ಎಂಬ ಉತ್ತರವಷ್ಟೇ ದೊರೆಯುತ್ತದೆ. ಕೊಡಿ ಹಬ್ಬಕ್ಕೆ ಯಾವ ಕಡವಿನಲ್ಲಿ ದಾಟಿದಿರಿ, ದೋಣಿಯವನಿಗೆ ಕೊಟ್ಟುದು ಕಾಸೋ ಭತ್ತವೋ, ಆ ದಿನ ಮನೆ ಕಾಯಲು ಉಳಿದವರು ಯಾರು, ಮುಂದಿನ ವರ್ಷವಾದರೂ ಅವರು ಹೋದರೇ ಎಂದು ಕೇಳಬೇಕು. ಕೊನೆಯ ಎರಡು ಪ್ರಶ್ನೆಗಳನ್ನು ಮನೆಯ ಗಂಡಸರಿಗಿಂತ ಹೆಂಗಸರಲ್ಲಿ ಕೇಳುವುದು ಮೇಲು.