ದಕ್ಕೆಯಲ್ಲಿ ಎಣಿಸಿದ ಬೂತಾಯಿ

ಕಳೆದ ಭಾನುವಾರ ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ, ಬೋಟುಗಳು ಒಂದರ ಮಗ್ಗುಲಿಗೊಂದು ಬಂದು ನಿಂತು, ಮಂಜುಗಡ್ಡೆ ಒಡೆಯುವ ಸದ್ದಿನೊಳಗೆ ಹರಾಜಿನ ಕೂಗು ಬೆರೆತುಹೋಗಿದ್ದ ಪ್ರಾತಃಕಾಲದಲ್ಲಿ, ಅರುವತ್ತರ ಆಸುಪಾಸಿನ ಮೊಗವೀರ ಹೆಂಗಸೊಬ್ಬಳು ಒಂದು ಬುಟ್ಟಿ ಬೂತಾಯಿಯನ್ನು ಮುಂದಿಟ್ಟುಕೊಂಡು ನಡೆಸಿದ ವ್ಯಾಪಾರವನ್ನು ಕಂಡಂದಿನಿಂದ ನನ್ನ ಮನಸ್ಸು ಮತ್ತೊಂದು ವಿಷಯದಲ್ಲಿ ನಿಲ್ಲಲೊಲ್ಲದು. ಪರಿಚಯದ ತುಳುವನೊಬ್ಬ ಹಾದುಹೋದಾಗ "ಬೂತಾಯಿ ಬೋಡಾ ಅಣ್ಣಾ?" ಎಂದು ಕೂಗಿದವಳು, ಇಗರ್ಜಿಯಿಂದ ಬಂದ ಕೊಂಕಣಿ ಅಜ್ಜಿಯನ್ನು ಕಂಡೊಡನೆ "ತಾರ್ಲೆ ಜಾಯ್‌ಗೀ ಬಾಯೆ?" ಎಂದಳು; ಕಾಸರಗೋಡಿನ ಕಡೆಯವರೆಂದು ಮಾತಿನಿಂದಲೇ ತಿಳಿಯುತ್ತಿದ್ದ ದಂಪತಿಗಳಿಗೆ ಅದೇ ಮೀನು "ಮತ್ತಿ"ಯಾಯಿತು; ಕುಂದಾಪುರದ ಲಾರಿ ಚಾಲಕನಿಗೆ "ಬೈಗೆ"ಯಾಯಿತು. ಇಷ್ಟು ಭಾಷೆಗಳನ್ನು ಎಲ್ಲಿ ಕಲಿತಿರೆಂದು ಕೇಳಿದೆ. "ಕಲಿಯುವುದಕ್ಕೆ ಎಂಥ ಉಂಟು ಮಾರಾಯ್ರೆ, ತಗೊಳ್ಳುವವರು ಹೇಳಿದ ಹಾಗೆ ನಾವು ಹೇಳುವುದು" ಎಂದು ಮೀನಿನ ಮೇಲೆ ನೀರು ಚಿಮುಕಿಸಿದಳು.

ಆದರೆ ನನ್ನನ್ನು ಅಲ್ಲಿ ಒಂದು ಗಂಟೆಯ ಕಾಲ ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಯಾವ ಭಾಷೆಯಲ್ಲಿ ಚೌಕಾಶಿ ನಡೆದರೂ, ಬೆಲೆ ಕುದುರಿದ ಮೇಲೆ ಮೀನನ್ನು ಚೀಲಕ್ಕೆ ಹಾಕುವಾಗ ಆಕೆಯ ಎಣಿಕೆ ಮಾತ್ರ ಪ್ರತಿಸಲವೂ ತುಳುವಿನಲ್ಲಿಯೇ: ಒಂಜಿ, ರಡ್ಡ್, ಮೂಜಿ, ನಾಲ್, ಐನ್, ಆಜಿ. ಮಂಜುಗಡ್ಡೆ ತಂದ ಒಡಿಶಾದ ಹುಡುಗನೊಡನೆ ಹರುಕುಮುರುಕು ಹಿಂದಿಯಲ್ಲಿ ವಾದಿಸಿದವಳು, ಅವನ ಕೂಲಿಯ ನೋಟುಗಳನ್ನು ಎಣಿಸಿಕೊಟ್ಟದ್ದೂ ಒಂಜಿ, ರಡ್ಡ್ ಎಂದೇ. ಮನುಷ್ಯನು ಎಷ್ಟು ಭಾಷೆಗಳಲ್ಲಿ ವ್ಯವಹರಿಸಿದರೂ ಲೆಕ್ಕ ತಪ್ಪಬಾರದೆನಿಸುವ ಕ್ಷಣದಲ್ಲಿ ತಾಯಿಯ ಮಡಿಲಿಗೇ ಮರಳುತ್ತಾನೆಂದು ನನಗೆ ತೋರುತ್ತದೆ. ಆ ಸಂಖ್ಯೆಗಳಲ್ಲಿಯೂ ಒಂದು ಸೊಗಸಿದೆ: ಕನ್ನಡದ ಮೂರು, ಆರುಗಳ ರಕಾರವು ತುಳುವಿನ ಮೂಜಿ, ಆಜಿಗಳಲ್ಲಿ ಜಕಾರವಾಗಿ ನಿಂತಿದೆ. ಒಂದೇ ದ್ರಾವಿಡ ಮೂಲದ ಧ್ವನಿಯು ಎರಡು ಮನೆಗಳಲ್ಲಿ ಎರಡು ರೂಪ ತಳೆದ ಬಗೆಯಿದು. ತುಳುವನ್ನು ಕನ್ನಡದ ಉಪಭಾಷೆಯೆಂದು ಈಗಲೂ ಹಗುರವಾಗಿ ಹೇಳಿಬಿಡುವವರು ಆ ಬುಟ್ಟಿಯ ಬಳಿ ಹತ್ತು ನಿಮಿಷ ನಿಂತು ಕೇಳಬೇಕು.

ಈ ಊರಿಗೆ ಬಂದವರ ಕಥೆಯನ್ನು ಓದುಗರು ಬಲ್ಲರು. 1560ರಲ್ಲಿ ಗೋವೆಯಲ್ಲಿ ಇಂಕ್ವಿಸಿಷನ್ ಸ್ಥಾಪಿತವಾದ ಕಾಲದಿಂದ ಗೌಡ ಸಾರಸ್ವತರು ತಂಡೋಪತಂಡವಾಗಿ ದಕ್ಷಿಣಕ್ಕೆ ಇಳಿದರು. ಯುದ್ಧ ಕ್ಷಾಮಗಳಿಂದ ಬೇಸತ್ತ ಕ್ರೈಸ್ತರೂ ಅದೇ ಕಡಲತೀರವನ್ನು ಹಿಡಿದು ಬಂದರು. ತುಳುವರ ಕುಡ್ಲ ಕೊಂಕಣಿಗರಿಗೆ ಕೊಡಿಯಾಲವಾಯಿತು, ಬ್ಯಾರಿಗಳಿಗೆ ಮೈಕಾಲವಾಯಿತು. ತುಳುವಿನ ಬ್ಯಾರ, ಎಂದರೆ ವ್ಯಾಪಾರ, ಎಂಬ ಶಬ್ದದಿಂದಲೇ ಬ್ಯಾರಿ ಎಂಬ ಹೆಸರು ಹುಟ್ಟಿತೆಂಬುದು ಬಹುಜನರ ಅಭಿಮತ. 1784ರಲ್ಲಿ ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದ ಕ್ರೈಸ್ತರಲ್ಲಿ ಅಳಿದುಳಿದವರು 1799ರ ತರುವಾಯ ಹಿಂದಿರುಗಿದಾಗ ಮನೆಮಾರು, ಭೂಮಿಕಾಣಿ ಕಳೆದುಕೊಂಡಿದ್ದರು, ಕೊಂಕಣಿಯನ್ನು ಕಳೆದುಕೊಂಡಿರಲಿಲ್ಲ. ಅಮೆರಿಕದಂತಹ ವಲಸಿಗರ ದೇಶದಲ್ಲಿ ಮೂರನೆಯ ತಲೆಮಾರಿಗೆ ಅಜ್ಜಿಯ ಭಾಷೆ ಮಕ್ಕಳ ಬಾಯಿಂದ ಜಾರಿಹೋಗುವುದೇ ಸಾಮಾನ್ಯವಾಗಿರಲು, ನಾಲ್ಕು ಶತಮಾನ ದಾಟಿಯೂ ಇಲ್ಲಿ ಕೊಂಕಣಿ ಬದುಕಿರುವುದನ್ನು ನೆನೆದರೆ ಮೈ ಝುಮ್ಮೆನ್ನುತ್ತದೆ. ಅದು ಬರೆವಣಿಗೆಗಾಗಿ ಕನ್ನಡ ಲಿಪಿಯನ್ನು ತನ್ನದಾಗಿಸಿಕೊಂಡಿತು. 1912ರಲ್ಲಿ ಹೊರಟ 'ಕೊಂಕಣಿ ದಿರ್ವೆಂ' ಪತ್ರಿಕೆಯು ಆ ಲಿಪಿಯಲ್ಲಿಯೇ ಅಚ್ಚಾಯಿತು.

ದಕ್ಕೆಯಿಂದ ಮರಳುವಾಗ ಬಲ್ಮಠದ ಏರನ್ನು ಹತ್ತುತ್ತ ನಾನು ಬಾಸೆಲ್ ಮಿಷನ್ನಿನ ಮುದ್ರಣಾಲಯವನ್ನು ನೆನೆದೆ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಮಾಫೆಯವರ ಕೊಂಕಣಿ ನಿಘಂಟು 1883ರಲ್ಲಿ, ಮೆನ್ನರರ ತುಳು ನಿಘಂಟು 1886ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ: ಇಪ್ಪತ್ತೆರಡು ವರ್ಷಗಳ ಅವಧಿಯಲ್ಲಿ ನಾಲ್ಕು ಭಾಷೆಗಳ ನಾಲ್ಕು ಮಹಾಕೋಶಗಳು ಒಂದೇ ಊರಿನ ಒಂದೇ ಅಚ್ಚುಕೂಟದಿಂದ ಹೊರಬಂದುವು. ಮಾಫೆ ಇಟಲಿಯ ಜೆಸುಯಿಟ್ ಪಾದ್ರಿ, ಉಳಿದ ಮೂವರು ಬಾಸೆಲಿನ ಪ್ರಾಟೆಸ್ಟೆಂಟರು. ಮತಭೇದ ತೀವ್ರವಾಗಿದ್ದ ಆ ಕಾಲದಲ್ಲಿಯೂ ಮೊಳೆಗಳನ್ನು ಜೋಡಿಸಿದ ಕೈಗಳು ಒಂದೇ. ಇಂತಹ ಊರಿನ ತುಳುವು, 2011ರ ಜನಗಣತಿಯಲ್ಲಿ 18,46,427 ಮಂದಿಯ ಮಾತೃಭಾಷೆಯೆಂದು ದಾಖಲಾಗಿಯೂ, ಸಂವಿಧಾನದ ಎಂಟನೆಯ ಪರಿಚ್ಛೇದದ ಹೊರಗೇ ಉಳಿದಿದೆ. ಕೊಂಕಣಿಗೆ 1992ರಲ್ಲಿಯೇ ಆ ಸ್ಥಾನ ಸಂದಿತು. ಸಂದದ್ದು ಸಂತೋಷವೇ, ಆದರೆ ನೆಲದ ಭಾಷೆಯನ್ನು ಹೊರಗೆ ನಿಲ್ಲಿಸಿರುವುದು ನನಗೆ ಸಹ್ಯವಾಗದು.

ಅಂದು ಕೊಂಕಣಿ ಅಜ್ಜಿ ಕೊಂಡದ್ದು ನೂರು ರೂಪಾಯಿಗೆ ಇಪ್ಪತ್ತು ಬೂತಾಯಿ. ಮಾರುವವಳು ಒಂಜಿ, ರಡ್ಡ್ ಎಂದು ಎಣಿಸುತ್ತಿರಲು, ಅಜ್ಜಿಯೂ ನಂಬಿಕೆ ಸಾಲದೆಂಬಂತೆ ತುಟಿಯೊಳಗೇ ಏಕ್, ದೋನ್, ತೀನ್ ಎಂದು ಎಣಿಸತೊಡಗಿದಳು. ಇವಳು "ಇರ್ವ" ಎಂದಾಗ ಅವಳ "ವೀಸ್" ಕೇಳಿಸಿತು. ಚೀಲದ ಬಾಯಿ ಕಟ್ಟುವ ಮುನ್ನ ಮೊಗವೀರ್ತಿ ಬುಟ್ಟಿಯಿಂದ ಇನ್ನೆರಡು ಮೀನನ್ನು ಎತ್ತಿ, ಎಣಿಸದೆ, ಕೊಸರೆಂದು ಒಳಕ್ಕೆ ಹಾಕಿದಳು.