ಕೀಲಿಕೈ ಬೆಂಗಳೂರಲ್ಲಿ, ಬಾಗಿಲು ಸುರಪುರದಲ್ಲಿ

ಮೈಲಾಪುರದ ಜಾತ್ರೆಗೋ ತಿಂಥಣಿ ಮೌನೇಶ್ವರನ ದರ್ಶನಕ್ಕೋ ಹೊರಟರೆ ಕೀಲಿಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುವುದು ಯಾದಗಿರಿ, ಶಹಾಪುರ, ಸುರಪುರ ಕಡೆಯ ರೂಢಿ. ಈಗ ಕೀಲಿಕೈ ಮೊಬೈಲ್‌ನೊಳಗೇ ಬಂದಿದೆ. ಕೆಲಸಕ್ಕೆಂದು ಬೆಂಗಳೂರು ಸೇರಿದ ಮಕ್ಕಳು ಊರಿನ ಮನೆಗೆ ಸ್ಮಾರ್ಟ್ ಲಾಕ್ ಹಾಕಿಸಿದರೆ ಅಲ್ಲಿಂದಲೇ ಬಾಗಿಲು ತೆರೆಯಬಹುದು, ಅದು ಎಷ್ಟು ಹೊತ್ತಿಗೆ ತೆರೆಯಿತೆಂದೂ ನೋಡಬಹುದು.

ಈ ಲಾಕ್‌ಗಳು ಸಾಮಾನ್ಯವಾಗಿ ಬ್ಯಾಟರಿಯಿಂದ ನಡೆಯುತ್ತವೆ. ಹೀಗಾಗಿ ಕರೆಂಟ್ ಹೋದರೂ ಬಾಗಿಲ ಬಳಿ ನಿಂತವರು ಬ್ಲೂಟೂತ್‌ನಿಂದಲೋ ಪಿನ್ ಒತ್ತಿಯೋ ಒಳಗೆ ಹೋಗಬಹುದು. ಆದರೆ ಕರೆಂಟ್ ಜೊತೆ ವೈಫೈ ಕೂಡ ಹೋದರೆ ಬೆಂಗಳೂರಿನಿಂದ ತೆರೆಯಲು ಆಗದು.

ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಕಡೆ, ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿ ಹೊರಗೆ ನಿಂತು ಮೊಮ್ಮಗ ಫೋನ್ ಎತ್ತುವವರೆಗೆ ಕಾಯುವಂತಾಗಬಾರದು. ಕೀಲಿಕೈಯಿಂದಲೂ ತೆರೆಯುವ ಲಾಕನ್ನೇ ಕೊಳ್ಳಿ. ಅಜ್ಜಿಗೆ ನೆನಪಿರುವ ಪಿನ್ ಇಡಿ; ಹುಟ್ಟಿದ ವರ್ಷ ಮಾತ್ರ ಬೇಡ, ಅದು ಓಣಿಗೆಲ್ಲ ಗೊತ್ತಿರುತ್ತದೆ. ಬ್ಯಾಟರಿ ಕಡಿಮೆಯಾದ ಸೂಚನೆ ಬಂದ ದಿನವೇ ಬದಲಿಸಿ. ಇನ್ನೊಂದು ಕೀಲಿಕೈ ಪಕ್ಕದ ಮನೆಯಲ್ಲೇ ಇರಲಿ. ಒಳಗೆ ಅಜ್ಜಿ ಜಾರಿ ಬಿದ್ದರೆ ಬಾಗಿಲು ತೆರೆಯುವುದಷ್ಟೇ ಸಾಲದು, ಎತ್ತಿ ಕೂರಿಸುವವರೂ ಬೇಕು.